ಕ್ರೀಡಾ ಸಂಸ್ಥೆಗಳ ಚುನಾವಣಾ ವಿವಾದ: ಮಧ್ಯಸ್ಥಿಕೆಯ ಮಾರ್ಗ

ಕ್ರೀಡಾ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ವರ್ತಕರು ಹಾಗೂ ಉದ್ಯಮಿಗಳ ಸಂಖ್ಯೆ ಕಡಿಮೆಯೇನಲ್ಲ. ಪಂದ್ಯಾವಳಿಗಳ ಪ್ರಾಯೋಜಕರೂ ಬಹುಪಾಲು ಅವರೇ. ಇಂತಹ ಸಂಸ್ಥೆಯ ಚುನಾವಣೆ ವಿವಾದಕ್ಕೊಳಗಾದಾಗ ಪರಿಣಾಮವು ಅಧ್ಯಕ್ಷರ ಕುರ್ಚಿಗಷ್ಟೇ ಸೀಮಿತವಾಗುವುದಿಲ್ಲ. ಎರಡೂ ಬಣಗಳು ತಾವೇ ಅಧಿಕೃತವೆಂದು ಬ್ಯಾಂಕಿಗೆ ಪತ್ರ ನೀಡಿದರೆ ಖಾತೆಯ ವ್ಯವಹಾರವೇ ಸ್ಥಗಿತಗೊಳ್ಳಬಹುದು. ಲೆಕ್ಕಪತ್ರಗಳಿಗೆ ಸಹಿ ಹಾಕಲು ಅರ್ಹರು ಯಾರೆಂಬುದು ನಿರ್ಧಾರವಾಗದೆ ಲೆಕ್ಕಪರಿಶೋಧನೆ ವಿಳಂಬವಾಗುತ್ತದೆ. ಪ್ರಾಯೋಜಕರ ಹಣ ಹಾಗೂ ಸರಬರಾಜುದಾರರ ಬಿಲ್ಲುಗಳು ಬಾಕಿ ಉಳಿಯುತ್ತವೆ. ಆದುದರಿಂದ ವಿವಾದವು ಶೀಘ್ರವಾಗಿ ಇತ್ಯರ್ಥಗೊಳ್ಳುವ ಮಾರ್ಗವನ್ನು ಮೊದಲೇ ರೂಪಿಸಿಕೊಳ್ಳುವುದು ಅಗತ್ಯ.

ವಿಳಂಬದ ಬೆಲೆ

ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಪ್ರಕರಣ ಇದಕ್ಕೆ ನಿದರ್ಶನ. 2017ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅದರ ಚುನಾವಣೆಯನ್ನು ಅಸಿಂಧುಗೊಳಿಸಿತು; ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ವ್ಯಾಜ್ಯ ಮುಂದುವರಿದು, 2022ರ ಮೇ ತಿಂಗಳಲ್ಲಿ ಮೂವರು ಆಡಳಿತಗಾರರ ಸಮಿತಿ ನೇಮಕವಾಯಿತು. ಅದೇ ಆಗಸ್ಟ್‌ನಲ್ಲಿ ಫಿಫಾ, ಹೊರಗಿನವರ ಹಸ್ತಕ್ಷೇಪದ ಕಾರಣ ನೀಡಿ ಭಾರತವನ್ನು ಅಮಾನತುಗೊಳಿಸಿತು. ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳ ತಂಡವು ಆಡಲಾಗದೆ ಹಿಂದಿರುಗಬೇಕಾಯಿತು. ಆಗಸ್ಟ್ 26ರಂದು ಅಮಾನತು ತೆರವಾಗಿ, ಸೆಪ್ಟೆಂಬರ್ 2ರಂದು ಚುನಾವಣೆ ನಡೆಯಿತು. ಆಡಳಿತದ ವಿವಾದಕ್ಕೆ ದಂಡ ತೆತ್ತವರು ಆಟಗಾರ್ತಿಯರು.

ಮಧ್ಯಸ್ಥಿಕೆಯ ಶಕ್ತಿ ಮತ್ತು ಮಿತಿ

ಅಂತರರಾಷ್ಟ್ರೀಯ ಮಟ್ಟದಲ್ಲಿ ಇಂತಹ ವಿವಾದಗಳನ್ನು 1984ರಲ್ಲಿ ಸ್ಥಾಪಿತವಾದ, ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಒಯ್ಯಲು ಅವಕಾಶವಿದೆ. 2022ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ನೆದರ್‌ಲ್ಯಾಂಡ್ಸ್‌ನ ಬೋರಿಸ್ ವಾನ್ ಡೆರ್ ವೋರ್ಸ್ಟ್ ಅವರನ್ನು ಅನರ್ಹಗೊಳಿಸಲಾಯಿತು; ಉಮರ್ ಕ್ರೆಮ್ಲೆವ್ ಅವಿರೋಧವಾಗಿ ಆಯ್ಕೆಯಾದರು. ಮರುತಿಂಗಳೇ ಮಧ್ಯಸ್ಥಿಕೆ ನ್ಯಾಯಾಲಯವು ಆ ಅನರ್ಹತೆಯನ್ನು ರದ್ದುಗೊಳಿಸಿತು. ಆದರೆ ಸೆಪ್ಟೆಂಬರ್‌ನಲ್ಲಿ ಯೆರೆವಾನ್‌ನಲ್ಲಿ ಸೇರಿದ ಮಹಾಸಭೆಯು ಮರುಚುನಾವಣೆ ಬೇಡವೆಂದು ಬಹುಮತದಿಂದ ನಿರ್ಣಯಿಸಿತು. ತೀರ್ಪು ಶೀಘ್ರವಾಗಿ ಬಂದರೂ ಮತದಾನಕ್ಕೆ ಮುನ್ನ ಬರಲಿಲ್ಲ. ಗೆದ್ದವರಿಗೆ ಮತಪೆಟ್ಟಿಗೆ ದೊರೆಯಲಿಲ್ಲ. ತೀರ್ಪಿನಷ್ಟೇ ಅದರ ಸಮಯವೂ ಪರಿಹಾರದ ಸ್ವರೂಪವೂ ಮುಖ್ಯವೆಂಬುದು ಇದರ ಪಾಠ.

ಭಾರತದ ಕಾನೂನು

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ರಾಷ್ಟ್ರೀಯ ಕ್ರೀಡಾ ನ್ಯಾಯಾಧಿಕರಣ ಹಾಗೂ ಚುನಾವಣಾ ಮೇಲ್ವಿಚಾರಣಾ ಮಂಡಳಿಗೆ ಅವಕಾಶ ಕಲ್ಪಿಸಿದೆ. ಆದರೆ ನ್ಯಾಯಾಧಿಕರಣವು ಮಧ್ಯಸ್ಥಿಕೆಯಲ್ಲ. ಅದರ ಅಧಿಕಾರ ಶಾಸನದಿಂದ ಬಂದುದು. ಮಧ್ಯಸ್ಥಗಾರನ ಅಧಿಕಾರ ಪಕ್ಷಗಾರರ ಒಪ್ಪಂದದಿಂದ ಬರುವಂಥದು. ಕಾಯಿದೆಯ ವ್ಯಾಪ್ತಿಗೆ ಒಳಪಡದ ಕ್ಲಬ್ಬು, ಸಂಘಗಳಿಗೆ 1996ರ ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಅಧಿನಿಯಮವೇ ಆಧಾರ. ಸಹಕಾರ ಸಂಘಗಳ ವಿಷಯ ಬೇರೆ: ಅವುಗಳ ಚುನಾವಣಾ ವಿವಾದಗಳಿಗೆ 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 70ನೇ ಪ್ರಕರಣವೇ ಮಾರ್ಗ ತೋರಿಸುತ್ತದೆ.

ಉಪವಿಧಿಯಲ್ಲಿ ಇರಬೇಕಾದ ಅಂಶಗಳು

1. ಲಿಖಿತ ಒಪ್ಪಿಗೆ: 7ನೇ ಪ್ರಕರಣದಂತೆ ಒಪ್ಪಂದವು ಲಿಖಿತವಾಗಿರಬೇಕು. ಸದಸ್ಯತ್ವದ ಅರ್ಜಿ ಹಾಗೂ ನಾಮಪತ್ರ ಎರಡರಲ್ಲಿಯೂ ಮಧ್ಯಸ್ಥಿಕೆಗೆ ಬದ್ಧರೆಂಬ ಸಹಿ ಪಡೆಯುವುದು ಕ್ಷೇಮ.

2. ನಿಷ್ಪಕ್ಷಪಾತ ನೇಮಕ: ಹಾಲಿ ಅಧ್ಯಕ್ಷರೇ ಮಧ್ಯಸ್ಥಗಾರನನ್ನು ನೇಮಿಸುವ ನಿಯಮ ನಿಲ್ಲಲಾರದು. ವಿವಾದದ ಫಲಿತಾಂಶದಲ್ಲಿ ಹಿತಾಸಕ್ತಿಯುಳ್ಳವನು ಏಕೈಕ ಮಧ್ಯಸ್ಥಗಾರನನ್ನು ನೇಮಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ. ಹೊರಗಿನ ಮಧ್ಯಸ್ಥಿಕೆ ಸಂಸ್ಥೆಗೆ ನೇಮಕವನ್ನು ವಹಿಸುವುದು ಲೇಸು. ಮಧ್ಯಸ್ಥಗಾರರ ಸಂಖ್ಯೆ ಸಮಸಂಖ್ಯೆಯಾಗಿರಬಾರದು.

3. ಕಾಲಮಿತಿ: 29ಬಿ ಪ್ರಕರಣದ ತ್ವರಿತ ವಿಧಾನಕ್ಕೂ ಆರು ತಿಂಗಳ ಅವಧಿಯಿದೆ, ಚುನಾವಣೆಗೆ ಅದು ದೀರ್ಘ. ಮತದಾರರ ಪಟ್ಟಿ ಮತ್ತು ನಾಮಪತ್ರದ ತಕರಾರುಗಳನ್ನು ಮತದಾನಕ್ಕೆ ಮುನ್ನವೇ ದಿನಗಳ ಲೆಕ್ಕದಲ್ಲಿ ತೀರ್ಮಾನಿಸುವಂತೆ ವೇಳಾಪಟ್ಟಿ ಇರಲಿ.

4. ಪರಿಹಾರದ ಅಧಿಕಾರ: ಮರುಎಣಿಕೆ, ಮರುಚುನಾವಣೆಗೆ ಆದೇಶಿಸುವ ಅಧಿಕಾರವನ್ನು ಸ್ಪಷ್ಟವಾಗಿ ನಮೂದಿಸಬೇಕು.

5. ಮಧ್ಯಂತರ ವ್ಯವಸ್ಥೆ: ವಿವಾದ ಮುಗಿಯುವವರೆಗೆ ವೇತನ, ತೆರಿಗೆ, ವಿದ್ಯುತ್ ಶುಲ್ಕದಂತಹ ದೈನಂದಿನ ಪಾವತಿಗಳಿಗೆ ಯಾರು ಸಹಿ ಹಾಕಬೇಕೆಂಬುದು ಉಪವಿಧಿಯಲ್ಲಿಯೇ ಇರಲಿ.

6. ಎಲ್ಲ ಅಭ್ಯರ್ಥಿಗಳೂ ಪಕ್ಷಗಾರರು: ಒಪ್ಪಂದಕ್ಕೆ ಹೊರಗುಳಿದವರನ್ನು ತೀರ್ಪು ಸಾಮಾನ್ಯವಾಗಿ ಬಂಧಿಸುವುದಿಲ್ಲ.

ಎಚ್ಚರಿಕೆ

ಪ್ರತಿಯೊಂದು ವಿವಾದವೂ ಮಧ್ಯಸ್ಥಿಕೆಗೆ ಅರ್ಹವಲ್ಲ. ಮೂರನೆಯವರ ಹಕ್ಕುಗಳ ಮೇಲೆ ಪರಿಣಾಮ ಬೀರುವ, ಏಕರೂಪದ ಕೇಂದ್ರೀಕೃತ ನಿರ್ಣಯ ಬೇಡುವ ಅಥವಾ ಶಾಸನವೇ ಹೊರಗಿಟ್ಟ ವಿವಾದಗಳು ಅರ್ಹವಲ್ಲವೆಂದು 2020ರ ವಿದ್ಯಾ ಡ್ರೋಲಿಯಾ ತೀರ್ಪು ವಿವರಿಸಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ 25ನೇ ಪ್ರಕರಣದಂತೆ ರಿಜಿಸ್ಟ್ರಾರರಿಗಿರುವ ವಿಚಾರಣಾಧಿಕಾರವನ್ನಾಗಲಿ, ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವನ್ನಾಗಲಿ ಉಪವಿಧಿಯಿಂದ ಕಿತ್ತುಕೊಳ್ಳಲಾಗದು.

ವ್ಯಾಪಾರ ಕರಾರಿನಲ್ಲಿ ವಿವಾದದ ಕಲಮನ್ನು ಸರಕು ರವಾನಿಸುವ ಮುನ್ನವೇ ಬರೆಯುವುದು ವರ್ತಕರಿಗೆ ರೂಢಿ. ಅವರು ಸದಸ್ಯರಾಗಿರುವ ಕ್ರೀಡಾ ಸಂಸ್ಥೆಗಳಿಗೂ, ವರ್ತಕರ ಸಂಘಗಳಿಗೂ ಇದೇ ವಿವೇಕ ಅನ್ವಯಿಸುತ್ತದೆ. ಬಣಗಳು ಹುಟ್ಟಿದ ಮೇಲೆ ಮಧ್ಯಸ್ಥಗಾರನ ಹೆಸರಿಗೂ ಒಮ್ಮತ ದೊರೆಯದು. ಚುನಾವಣೆ ದೂರವಿರುವಾಗಲೇ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಉಪವಿಧಿಯ ತಿದ್ದುಪಡಿಯನ್ನು ಮಂಡಿಸುವುದು ಉಚಿತ.