ಶಾಖದ ಪಂಪು ಮತ್ತು ಹಿಮದ ಹೊದಿಕೆ

ನಾರ್ವೆ, ಸ್ವೀಡನ್, ಫಿನ್ಲೆಂಡ್ ಮುಂತಾದ ಶೀತದೇಶಗಳಲ್ಲಿ ಅನೇಕ ಮನೆಗಳನ್ನು ಬೆಚ್ಚಗಿಡುವುದು ಶಾಖದ ಪಂಪೆಂಬ ಯಂತ್ರ. ಹೊರಗಿನ ತಣ್ಣನೆಯ ಗಾಳಿಯಿಂದಲೇ ಶಾಖವನ್ನು ಸೆಳೆದು ಅದು ಮನೆಯೊಳಕ್ಕೆ ಸಾಗಿಸುತ್ತದೆ. ಇದರ ತತ್ತ್ವವನ್ನು ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) 1852ರಲ್ಲಿಯೇ ವಿವರಿಸಿದ್ದರು. ಆದರೆ ಯಂತ್ರದ ಹೊರಭಾಗದ ಮೇಲೆ ಹಿಮ ದಟ್ಟವಾಗಿ ಕಟ್ಟಿದರೆ ಗಾಳಿಯ ದಾರಿ ಮುಚ್ಚಿ, ಕೊರೆಯುವ ಚಳಿಯಲ್ಲಿ ಮನೆಗೆ ಶಾಖವೇ ಇಲ್ಲದಂತಾಗಬಹುದು. ಹಿಮ ಕಟ್ಟುವುದೇಕೆ, ಅದಕ್ಕೆ ಉಪಾಯವೇನು ಎಂಬುದನ್ನು ನೋಡೋಣ.

ಶಾಖವು ತಾನಾಗಿ ಹರಿಯುವುದು ಬಿಸಿಯ ಕಡೆಯಿಂದ ತಂಪಿನ ಕಡೆಗೆ ಮಾತ್ರ. ಆದ್ದರಿಂದ ಯಂತ್ರದ ಹೊರಸುರುಳಿಯಲ್ಲಿ ಆವಿಯಾಗುವ ಶೀತಕದ್ರವವು ಹೊರಗಿನ ಗಾಳಿಗಿಂತಲೂ ತಣ್ಣಗಿರಲೇಬೇಕು. ಸಂಪೀಡಕವು ಆ ಆವಿಯನ್ನು ಒತ್ತಿ, ಬಿಸಿಯಾಗಿಸಿ, ಒಳಗಿನ ಸುರುಳಿಗೆ ಕಳುಹಿಸುತ್ತದೆ. ಅಲ್ಲಿ ಅದು ಶಾಖವನ್ನು ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣತೆ 2 ಡಿಗ್ರಿ ಸೆಂಟಿಗ್ರೇಡ್ ಇದ್ದಾಗ ಹೊರಸುರುಳಿಯ ಉಷ್ಣತೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗಿರುತ್ತದೆ. ಗಾಳಿಯಲ್ಲಿನ ನೀರಾವಿ ಅದರ ಮೇಲೆ ಹಿಮವಾಗಿ ಅಂಟಿಕೊಳ್ಳುತ್ತದೆ. ರೆಫ್ರಿಜರೇಟರಿನಲ್ಲಿ ಮಂಜುಗಡ್ಡೆ ಕಟ್ಟುವ ಗೂಡಿನೊಳಗೆ ಬಿಳಿಯ ಪದರ ಬೆಳೆಯುವುದನ್ನು ನಾವು ಕಂಡಿದ್ದೇವಷ್ಟೆ, ಕಾರಣ ಅದೇ.

ಚಳಿ ಹೆಚ್ಚಿದಷ್ಟೂ ಹಿಮ ಹೆಚ್ಚುವುದೆಂದು ನಾವು ಊಹಿಸಬಹುದು. ವಾಸ್ತವವು ಬೇರೆ. 0 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 4.8 ಗ್ರಾಂ ನೀರಾವಿ ಇರಬಲ್ಲದು. −20 ಡಿಗ್ರಿಯಲ್ಲಿ ಸುಮಾರು 1 ಗ್ರಾಂ ಮಾತ್ರ. ಆದುದರಿಂದ ಸೊನ್ನೆಯ ಆಸುಪಾಸಿನ ತೇವದ ದಿನಗಳಲ್ಲಿಯೇ ತೊಂದರೆ ಹೆಚ್ಚು. ಹಿಮ ಬೆಳೆದಂತೆ ಗಾಳಿಯ ಹರಿವು ಕುಗ್ಗಿ ಸುರುಳಿ ಇನ್ನೂ ತಣ್ಣಗಾಗುತ್ತದೆ; ಹಿಮವೂ ಇನ್ನಷ್ಟು ಕೂಡುತ್ತದೆ.

ಇದಕ್ಕೆ ಪರಿಹಾರ ಯಂತ್ರದಲ್ಲಿಯೇ ಇದೆ. ಒಂದು ಕವಾಟವು ಶೀತಕದ ಹರಿವನ್ನು ಹಿಂದುಮುಂದಾಗಿಸುತ್ತದೆ. ಹೊರಗಿನ ಫ್ಯಾನು ನಿಲ್ಲುತ್ತದೆ. ಬಿಸಿ ಅನಿಲ ಹೊರಸುರುಳಿಗೆ ಹರಿದು ಕೆಲವು ನಿಮಿಷಗಳಲ್ಲಿ ಹಿಮವನ್ನು ಕರಗಿಸುತ್ತದೆ. ಆದರೆ 1 ಗ್ರಾಂ ಹಿಮ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಅದರ ಬಹುಭಾಗ ಮನೆಯೊಳಗಿನಿಂದಲೇ ಬರಬೇಕು. ಹೀಗಾಗಿ ಗಡಿಯಾರದ ಲೆಕ್ಕದಲ್ಲಿ ಕರಗಿಸುವುದಕ್ಕಿಂತ, ಹಿಮ ಕಟ್ಟಿದೆಯೆಂದು ಉಷ್ಣತಾಸೂಚಕಗಳು ತಿಳಿಸಿದಾಗ ಮಾತ್ರ ಕರಗಿಸುವುದು ಮಿತವ್ಯಯ.

ಕರಗಿದ ನೀರು ತಳದಲ್ಲಿ ನಿಂತರೆ ಮತ್ತೆ ಗಡ್ಡೆಕಟ್ಟಿ ಫ್ಯಾನಿಗೆ ತಗಲುವುದು. ಆದ್ದರಿಂದ ಯಂತ್ರವನ್ನು ನೆಲದ ಹಿಮರಾಶಿಗಿಂತ ಎತ್ತರದ ಪೀಠದ ಮೇಲಿರಿಸಿ ನೀರಿಗೆ ದಾರಿ ಬಿಡುತ್ತಾರೆ. ತಳದ ತಟ್ಟೆಗೆ ವಿದ್ಯುತ್ತಿನ ಕಾವು ಕೊಡುವುದೂ ಉಂಟು. ಸೂರಿನ ನೀರು ಅದರ ಮೇಲೆ ತೊಟ್ಟಿಕ್ಕಬಾರದು. ಮೊನೆಯಾದ ಆಯುಧದಿಂದ ಹಿಮವನ್ನು ಕೆತ್ತಿದರೆ ಸುರುಳಿಯ ತೆಳುವಾದ ಲೋಹದ ರೆಕ್ಕೆಗಳು ಕೆಡುವುವು.

ಗಾಳಿಗಿಂತ ತಣ್ಣಗಿರದೆ ಸುರುಳಿಯು ಶಾಖವನ್ನು ಸೆಳೆಯಲಾರದು. ಆದುದರಿಂದ ಹಿಮವನ್ನು ಪೂರ್ತಿಯಾಗಿ ತಪ್ಪಿಸುವುದು ಕಷ್ಟ. ಅದನ್ನು ಸಕಾಲದಲ್ಲಿ ಕರಗಿಸಿ, ನೀರನ್ನು ದೂರ ಸಾಗಿಸುವುದೇ ನಮ್ಮ ಕೈಯಲ್ಲಿರುವ ಉಪಾಯ.