ಗಿಜುಭಾಯಿಯವರ ತರಗತಿಯಿಂದ ಹೊಸ ಮೇಷ್ಟ್ರಿಗೊಂದು ಕಿವಿಮಾತು

ಈ ವರ್ಷ ಮೊದಲ ಸಲ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋಗುತ್ತಿರುವ ಮೇಷ್ಟ್ರೇ, ಟೀಚರಮ್ಮನವರೇ, ನಿಮ್ಮೊಂದಿಗೆ ಒಂದು ಮಾತು ಹೇಳಬೇಕು. ತರಬೇತಿಯಲ್ಲಿ ದೊಡ್ಡ ದೊಡ್ಡ ಶಿಕ್ಷಕರ ಹೆಸರು ಕೇಳಿರುತ್ತೀರಿ. ಮೊಬೈಲಿನಲ್ಲಿ ಒಳ್ಳೊಳ್ಳೆಯ ತರಗತಿಗಳ ವಿಡಿಯೊ ನೋಡಿರುತ್ತೀರಿ. ನೋಡಿದ್ದನ್ನು ಮರುದಿನವೇ ತಮ್ಮ ಮಕ್ಕಳ ಮೇಲೆ ಪ್ರಯೋಗಿಸಿ, ಅದು ಕೈಕೊಟ್ಟಾಗ ‘ನಮ್ಮೂರ ಮಕ್ಕಳಿಗೆ ಇದೆಲ್ಲ ಹಿಡಿಸುವುದಿಲ್ಲ ಬಿಡಿ’ ಎಂದು ಹಳೆಯ ದಾರಿಗೇ ಮರಳಿದವರನ್ನು ನಾನು ಬಹಳ ಕಂಡಿದ್ದೇನೆ. ದೋಷ ಮಕ್ಕಳದಲ್ಲ, ಆ ದೊಡ್ಡ ಶಿಕ್ಷಕರದ್ದೂ ಅಲ್ಲ. ಇನ್ನೊಬ್ಬರಿಂದ ಕಲಿಯುವುದಕ್ಕೂ ಒಂದು ಕ್ರಮವಿದೆ. ಆ ಕ್ರಮವನ್ನು ಬಾಳಿ ತೋರಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ.

ಗಿಜುಭಾಯಿ ಹುಟ್ಟಿದ್ದು 1885ರಲ್ಲಿ, ಸೌರಾಷ್ಟ್ರದಲ್ಲಿ. ವೃತ್ತಿಯಲ್ಲಿ ವಕೀಲರು. ಮಗ ಬೆಳೆಯತೊಡಗಿದಾಗ ಅವನಿಗೆ ಎಂಥ ಶಿಕ್ಷಣ ಬೇಕೆಂಬ ಚಿಂತೆ ಹತ್ತಿತು. ಶಿಕ್ಷಣತಜ್ಞೆ ಮಾರಿಯಾ ಮಾಂಟೆಸರಿಯವರ ಬರಹಗಳು ಕೈಗೆ ಬಂದವು. 1916ರಲ್ಲಿ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರಲ್ಲಿ ಅಲ್ಲಿಯೇ ಬಾಲಮಂದಿರ ತೆರೆದರು. 1926ರಲ್ಲಿ ತಾರಾಬಾಯಿ ಮೋಡಕ್ ಅವರೊಂದಿಗೆ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಮಕ್ಕಳಿಗಾಗಿ, ತಂದೆತಾಯಿಗಳಿಗಾಗಿ, ಶಿಕ್ಷಕರಿಗಾಗಿ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ಜನ ಅವರನ್ನು ಪ್ರೀತಿಯಿಂದ ‘ಮೀಸೆಯ ತಾಯಿ’ ಎಂದು ಕರೆದರು. 1939ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 54 ತುಂಬಿರಲಿಲ್ಲ.

ಅವರ ‘ದಿವಾಸ್ವಪ್ನ’ ಎಂಬ ಪುಸ್ತಕವನ್ನು ನೀವು ಓದಲೇಬೇಕು. ಅದು ಕಥೆಯ ರೂಪದ ಪುಸ್ತಕ. ಒಬ್ಬ ಹೊಸ ಮೇಷ್ಟ್ರು ಶಿಕ್ಷಣಾಧಿಕಾರಿಯ ಬಳಿಗೆ ಹೋಗಿ, ಪ್ರಯೋಗ ಮಾಡಲು ನನಗೊಂದು ತರಗತಿ ಕೊಡಿ ಎಂದು ಕೇಳುತ್ತಾನೆ. ನಾಲ್ಕನೇ ತರಗತಿ ಸಿಗುತ್ತದೆ, ಒಂದು ವರ್ಷದ ಮಟ್ಟಿಗೆ. ವರ್ಷದ ಕೊನೆಗೆ ಪರೀಕ್ಷೆ ಮಾತ್ರ ತಪ್ಪುವುದಿಲ್ಲ. ಆ ಒಂದು ವರ್ಷದಲ್ಲಿ ಏನೇನಾಯಿತು ಎಂಬುದೇ ಪುಸ್ತಕ.

ಮೊದಲ ದಿನ ಆ ಮೇಷ್ಟ್ರು ಒಳ್ಳೆಯ ತಯಾರಿ ಮಾಡಿಕೊಂಡೇ ಹೋಗಿರುತ್ತಾನೆ. ಶಾಂತಿಯ ಆಟ ಆಡಿಸಬೇಕು, ಎಲ್ಲರೂ ಸದ್ದಿಲ್ಲದೆ ಕೂತು ಸುತ್ತಲಿನ ಸಣ್ಣ ಸಣ್ಣ ಸಪ್ಪಳಗಳನ್ನು ಕೇಳಿಸಿಕೊಳ್ಳಬೇಕು ಎಂಬ ಯೋಚನೆ ಅವನದು. ಮಾಂಟೆಸರಿ ಶಾಲೆಗಳಲ್ಲಿ ಹೆಸರಾದ ಚಟುವಟಿಕೆ ಅದು. ಇಲ್ಲಿ ಏನಾಯಿತು ಗೊತ್ತೇ? ಮಕ್ಕಳು ನೆಲ ಬಡಿದು, ಚಪ್ಪಾಳೆ ತಟ್ಟಿ, ಅಣಕಿಸಿ ತರಗತಿಯನ್ನೇ ಸಂತೆ ಮಾಡಿಬಿಟ್ಟರು. ಅವನು ಕೋಲು ಹಿಡಿಯಲಿಲ್ಲ. ಹುಡುಗರು ಕೆಟ್ಟವರೆಂದು ಷರಾ ಬರೆಯಲಿಲ್ಲ. ಅವತ್ತು ಅವರನ್ನು ಮನೆಗೆ ಕಳಿಸಿ, ಮುಖ್ಯೋಪಾಧ್ಯಾಯರಿಂದ ಆಕ್ಷೇಪಣೆ ಕೇಳಿಸಿಕೊಂಡು, ನನ್ನ ಯೋಜನೆ ಈ ಮಕ್ಕಳಿಗೆ ಸರಿಹೊಂದುವಂಥದ್ದಾಗಿರಲಿಲ್ಲ ಎಂದು ಅರ್ಥ ಮಾಡಿಕೊಂಡ. ಮರುದಿನ ಬಂದು ಕಥೆ ಶುರುಮಾಡಿದ. ಹಿಂದಿನ ದಿನ ಕೂರದಿದ್ದ ಮಕ್ಕಳು ಅವನ ಸುತ್ತ ಮುತ್ತಿಕೊಂಡು ಕೂತರು.

ಈ ಎರಡು ದಿನಗಳ ನಡುವಿನ ಒಂದು ರಾತ್ರಿಯಲ್ಲೇ ಗಿಜುಭಾಯಿಯವರ ಇಡೀ ಪಾಠವಿದೆ. ಮಾಂಟೆಸರಿಯವರನ್ನು ಗಿಜುಭಾಯಿ ಗುರುವೆಂದೇ ತಿಳಿದಿದ್ದರು. ಆದರೆ ಗುರುವಿನ ಆಟ ಮಕ್ಕಳ ಮುಂದೆ ನಡೆಯದಿದ್ದಾಗ ಅದನ್ನು ಬದಿಗಿಡಲು ಅವರ ಕಥೆಯ ಮೇಷ್ಟ್ರು ಹಿಂಜರಿಯಲಿಲ್ಲ. ಎಳೆಯ ಮಕ್ಕಳಿಗೆ ರಾಜರಾಣಿಯರ, ಕಿನ್ನರಿಯರ ಕಲ್ಪನೆಯ ಕಥೆ ಹೇಳುವುದು ಮಾಂಟೆಸರಿಯವರಿಗೆ ಒಪ್ಪಿಗೆಯಿರಲಿಲ್ಲ. ಗಿಜುಭಾಯಿ ಅದೇ ಕಥೆಯನ್ನು ತಮ್ಮ ಶಾಲೆಯ ಹೆಬ್ಬಾಗಿಲು ಮಾಡಿಕೊಂಡರು. ಗುಜರಾತಿನ ಅಜ್ಜಿಕಥೆ, ಜಾನಪದ ಹಾಡು, ನಾಟಕ ಎಲ್ಲವೂ ಬಾಲಮಂದಿರದೊಳಗೆ ಬಂದವು. ಗುರುವಿನಿಂದ ಅವರು ಪಡೆದದ್ದು ಮಗುವನ್ನು ಗಮನಿಸುವ ಕಣ್ಣನ್ನು, ಮಗುವಿಗೆ ಸ್ವಾತಂತ್ರ್ಯವಿರಬೇಕು ಎಂಬ ನಂಬಿಕೆಯನ್ನು. ಉಳಿದದ್ದನ್ನು ಎದುರಿಗಿದ್ದ ಮಕ್ಕಳನ್ನು ನೋಡಿಯೇ ಕಟ್ಟಿಕೊಂಡರು. ನೀವು ಗಿಜುಭಾಯಿಯವರಿಂದ ಕಲಿಯುವಾಗಲೂ ಹೀಗೆಯೇ ಕಲಿಯಿರಿ.

ನಮ್ಮಲ್ಲೂ ಇಂಥ ಕಲಿಕೆ ನಡೆದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಶುರುವಾಯಿತಲ್ಲ, ಅದರ ಹಿಂದೆ ಆಂಧ್ರದ ಋಷಿ ವ್ಯಾಲಿ ಶಾಲೆಯ ಪ್ರೇರಣೆಯಿತ್ತು. ಅಲ್ಲಿ ಕಂಡದ್ದನ್ನು ನಮ್ಮ ಶಿಕ್ಷಕರು ಇದ್ದಂತೆಯೇ ತಂದು ಇಳಿಸಲಿಲ್ಲ. ತಾವೇ ಕೂತು ಕಲಿಕೆಯ ಕಾರ್ಡು ಬರೆದರು, ಕನ್ನಡದ ಹಾಡು ಕಥೆ ಸೇರಿಸಿದರು. ಕಾಡಂಚಿನ ಒಂದು ತಾಲ್ಲೂಕಿನ ಮೇಷ್ಟ್ರುಗಳ ಕೆಲಸ ರಾಜ್ಯದ ಉದ್ದಗಲಕ್ಕೂ ಹರಡಿದ್ದು ಹೀಗೆ.

ಇನ್ನು ಗಿಜುಭಾಯಿಯವರ ತರಗತಿಯಿಂದ ನೀವು ತೆಗೆದುಕೊಳ್ಳಬಹುದಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಕಥೆ. ಕಥೆ ಹೇಳುವುದೆಂದರೆ ಹೊತ್ತು ಕಳೆಯುವುದು ಎಂದು ದಿವಾಸ್ವಪ್ನದ ಸಹಶಿಕ್ಷಕರೂ ಹಂಗಿಸುತ್ತಾರೆ, ಪಾಠ ಮುಗಿಸುವುದು ಯಾವಾಗ ಎಂದು ಕೇಳುತ್ತಾರೆ. ನಿಮ್ಮನ್ನೂ ಕೇಳುವರು. ಆದರೆ ಆ ಕಥೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಕಥೆ ಮುಂದುವರಿಯಲಿ ಎಂಬ ಆಸೆಗೆ ಮಕ್ಕಳು ತಾವಾಗಿ ಸುಮ್ಮನಾಗುತ್ತಾರೆ, ಸುಮ್ಮನಿರಿ ಎಂದು ಕೂಗುವ ಕೆಲಸ ತಪ್ಪುತ್ತದೆ. ಕೇಳುವ ಅಭ್ಯಾಸ ಬೆಳೆಯುತ್ತದೆ. ಹೊಸ ಪದಗಳು ಸಂದರ್ಭದೊಂದಿಗೇ ಕಿವಿಗೆ ಬೀಳುತ್ತವೆ. ನಾಳೆ ಏನಾಗುತ್ತದೋ ಎಂಬ ಕುತೂಹಲಕ್ಕೆ ಶಾಲೆ ತಪ್ಪಿಸುವ ಹುಡುಗನೂ ಬಂದು ಕೂರುತ್ತಾನೆ. ಎಲ್ಲಕ್ಕಿಂತ ದೊಡ್ಡದು, ಈ ಮೇಷ್ಟ್ರು ನಮ್ಮವರು ಎಂಬ ಭಾವ ಹುಟ್ಟುತ್ತದೆ. ಅದು ಹುಟ್ಟುವ ಮುಂಚೆ ಹೇಳಿದ ಪಾಠ ಗೋಡೆಗೆ ಹೇಳಿದಂತೆ.

ಕಥೆಯನ್ನು ಪುಸ್ತಕ ನೋಡಿ ಓದಬೇಡಿ, ಬಾಯಲ್ಲಿ ಹೇಳಿ. ನಿಮ್ಮ ಊರಿನ ಮಾತಿನಲ್ಲೇ ಹೇಳಿ. ಬೀದರಿನಲ್ಲಿ ಬೀದರಿನ ಕನ್ನಡ, ಕುಂದಾಪುರದಲ್ಲಿ ಕುಂದಾಪುರದ ಕನ್ನಡ. ಒಂದೇ ದಿನಕ್ಕೆ ಮುಗಿಯದ ಕಥೆ ಆರಿಸಿಕೊಳ್ಳಿ. ಪಂಚತಂತ್ರವಿದೆ, ತೆನಾಲಿ ರಾಮಕೃಷ್ಣನಿದ್ದಾನೆ, ನಿಮ್ಮ ಅಜ್ಜಿ ಹೇಳಿದ ಕಥೆಗಳಿವೆ. ಮುಗಿದ ಮೇಲೆ ‘ಇದರ ನೀತಿ ಏನು, ಹೇಳಿ’ ಎಂದು ಮಾತ್ರ ಕೇಳಬೇಡಿ. ಕಥೆ ಕೇಳಿದ ಮಗು ತನಗೆ ಬೇಕಾದ್ದನ್ನು ಆಗಲೇ ತೆಗೆದುಕೊಂಡಿರುತ್ತದೆ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳಬೇಕಾದ ಶಾಲೆಯಲ್ಲಿದ್ದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹೇಳಿ. ಕೆಲವು ವಾರ ಕಳೆದ ಮೇಲೆ ಐದನೇ ತರಗತಿಯ ಹುಡುಗಿಯೇ ಒಂದನೇ ತರಗತಿಯ ಚಿಕ್ಕವರಿಗೆ ಕಥೆ ಹೇಳುವುದನ್ನು ನೋಡುವಿರಿ.

ಎರಡನೆಯದು ಪುಸ್ತಕ. ಪಠ್ಯಪುಸ್ತಕ ಕೊಳ್ಳುವ ದುಡ್ಡನ್ನು ಒಟ್ಟುಗೂಡಿಸಿ ತರಗತಿಗೆಂದು ಕಥೆಪುಸ್ತಕ ತರುವ ಮೇಷ್ಟ್ರು ದಿವಾಸ್ವಪ್ನದಲ್ಲಿದ್ದಾನೆ. ನಿಮಗೆ ಅಷ್ಟು ಕಷ್ಟವಿಲ್ಲ. ಪಠ್ಯಪುಸ್ತಕ ಸರ್ಕಾರವೇ ಕೊಡುತ್ತದೆ, ಎಷ್ಟೋ ಶಾಲೆಗಳಲ್ಲಿ ಕಥೆಪುಸ್ತಕಗಳೂ ಇವೆ. ಆದರೆ ಅವು ಬೀರುವಿನಲ್ಲಿರುತ್ತವೆ, ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿರುತ್ತದೆ. ಹರಿದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯ. ಮುಖ್ಯೋಪಾಧ್ಯಾಯರ ಜೊತೆ ವಿನಯದಿಂದ ಮಾತಾಡಿ, ಹತ್ತಿಪ್ಪತ್ತು ಪುಸ್ತಕ ಹೊರಗೆ ತರಿಸಿ. ತರಗತಿಯ ಒಂದು ಮೂಲೆಯಲ್ಲಿ ಹಗ್ಗ ಕಟ್ಟಿ ನೇತುಹಾಕಿ. ಯಾರು ಯಾವುದನ್ನು ಒಯ್ದರು ಎಂದು ಬರೆದಿಡುವ ಕೆಲಸ ಮಕ್ಕಳಿಗೇ ಬಿಡಿ. ಓದಿ ಓದಿ ಹರಿದ ಪುಸ್ತಕ ಶಾಲೆಗೆ ಮರ್ಯಾದೆಯೇ ಹೊರತು ನಷ್ಟವಲ್ಲ.

ಮೂರನೆಯದು ಶುಚಿತ್ವ. ಉದ್ದ ಉಗುರು, ಕೊಳೆ ಟೋಪಿ, ಗುಂಡಿಯಿಲ್ಲದ ಅಂಗಿ ದಿವಾಸ್ವಪ್ನದ ಮೇಷ್ಟ್ರ ಕಣ್ಣಿಗೂ ಬಿದ್ದವು. ಇದನ್ನು ಶಿಕ್ಷೆಯ ವಿಷಯ ಮಾಡದೆ ತರಗತಿಯ ದಿನದ ಕೆಲಸ ಮಾಡಿಕೊಂಡ. ಕನ್ನಡಿ, ಬಾಚಣಿಗೆ, ನೇಲ್ ಕಟರ್ ಇವಿಷ್ಟು ನಿಮ್ಮ ತರಗತಿಯಲ್ಲಿದ್ದರೆ ಸಾಕು. ಎಲ್ಲರೆದುರು ಒಂದು ಮಗುವನ್ನು ನಿಲ್ಲಿಸಿ ‘ನಿಮ್ಮಮ್ಮನಿಗೆ ಅಷ್ಟೂ ಗೊತ್ತಿಲ್ಲವೇ’ ಎಂದು ಎಂದಿಗೂ ಕೇಳಬೇಡಿ. ಬೆಳಗ್ಗೆ ಐದಕ್ಕೆ ಎದ್ದು ಕೂಲಿಗೆ ಹೋಗುವ ಅಮ್ಮ ಅವಳು. ಆ ಮಾತು ಮಗುವಿನ ಎದೆಯಲ್ಲಿ ಬಹಳ ವರ್ಷ ಉಳಿಯುತ್ತದೆ.

ವ್ಯಾಕರಣವನ್ನೂ ದಿವಾಸ್ವಪ್ನದ ಮೇಷ್ಟ್ರು ಆಟವಾಗಿಯೇ ಕೈಗೆತ್ತಿಕೊಂಡ. ಚೀಟಿಯಲ್ಲಿ ‘ಓಡು’, ‘ಕೂರು’, ‘ಬಾಗಿಲು ಮುಚ್ಚು’ ಎಂದು ಬರೆದು ಕೊಡಿ. ಮಗು ಓದಿ ಹಾಗೆಯೇ ಮಾಡಲಿ. ಕ್ರಿಯಾಪದ ಎಂಬ ಹೆಸರು ಆಮೇಲೆ ಬಂದರೂ ಆದೀತು. ಪದ್ಯ ಬಾಯಿಪಾಠ ಮಾಡಿಸಲು ಅಂತ್ಯಾಕ್ಷರಿಗಿಂತ ಒಳ್ಳೆಯ ಉಪಾಯವಿಲ್ಲ. ಇದನ್ನೂ ಆ ತರಗತಿಯಲ್ಲಿ ಕಾಣಬಹುದು.

ನಾಟಕದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಆ ಮಕ್ಕಳು ಕೇಳಿದ ಕಥೆಯನ್ನೇ ಆಡುತ್ತಿದ್ದರು. ಬಾಯಿಪಾಠದ ಮಾತಿಲ್ಲ, ಬಾಡಿಗೆಯ ಬಟ್ಟೆಯಿಲ್ಲ. ನಮ್ಮಲ್ಲಿ ಪ್ರತಿಭಾ ಕಾರಂಜಿ ಸ್ಪರ್ಧೆ ಬಂತೆಂದರೆ ಚುರುಕಾದ ನಾಲ್ಕೈದು ಮಕ್ಕಳನ್ನು ಆರಿಸಿ, ವಾರಗಟ್ಟಲೆ ತಯಾರು ಮಾಡಿ, ಉಳಿದವರನ್ನು ಚಪ್ಪಾಳೆ ಹೊಡೆಯಲು ಕೂರಿಸುತ್ತೇವೆ. ಸ್ಪರ್ಧೆಗೆ ಕಳಿಸಿ, ಬೇಡವೆನ್ನುವುದಿಲ್ಲ. ಆದರೆ ಶನಿವಾರ ಬೆಳಗ್ಗೆ ನಿಮ್ಮ ತರಗತಿಯೊಳಗೆ ಎಲ್ಲ ಮಕ್ಕಳಿಗೂ ಒಂದೊಂದು ಪಾತ್ರವಿರಲಿ. ಮರವಾಗಿ ನಿಂತ ಹುಡುಗನೂ ಅವತ್ತು ನಾಟಕ ಆಡಿದವನೇ. ವರ್ಷವಿಡೀ ಬಾಯಿಬಿಡದ ಮಗು ಪಾತ್ರದ ಮರೆಯಲ್ಲಿ ಮೊದಲ ಮಾತಾಡುವುದುಂಟು.

ಇಷ್ಟು ಕೇಳಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಏಳುವ ಮಾತು ನನಗೆ ಗೊತ್ತು. ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ ತುಂಬಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಗಣತಿಗೆ ಹೋಗಬೇಕು, ಸಿಆರ್‌ಪಿ ಬಂದರೆ ಪಾಠಯೋಜನೆ ತೋರಿಸಬೇಕು. ಇವೆಲ್ಲ ನಿಜವಾದ ಹೊರೆಗಳು. ಆದರೆ ದಿವಾಸ್ವಪ್ನದ ಮೇಷ್ಟ್ರು ಬೇರೆ ಲೋಕದಲ್ಲಿ ಶಾಲೆ ಕಟ್ಟಲಿಲ್ಲ ಎಂಬುದನ್ನು ಮರೆಯಬೇಡಿ. ಸರ್ಕಾರಿ ಶಾಲೆ, ನಾಲ್ಕನೇ ತರಗತಿ, ಕೊನೆಗೆ ಪರೀಕ್ಷೆ. ತಂದೆತಾಯಿಗಳ ಸಭೆ ಕರೆದರೆ ಬಂದವರು ಬೆರಳೆಣಿಕೆಯವರು. ಆ ನಾಲ್ಕು ಗೋಡೆಯೊಳಗೆ ತನ್ನ ಕೈಯಲ್ಲಿದ್ದ ಹೊತ್ತನ್ನು ಮಾತ್ರ ಅವನು ಬದಲಿಸಿದ. ಸಹೋದ್ಯೋಗಿಗಳೊಂದಿಗೆ ಜಗಳಕ್ಕೆ ನಿಲ್ಲದೆ, ಬಂದು ನೋಡಿ ಎಂದ. ನೀವೂ ನಿಮ್ಮ ಹಿರಿಯ ಸಹೋದ್ಯೋಗಿಗಳನ್ನು ಹಳೆಯ ಕಾಲದವರೆಂದು ಜರಿಯಬೇಡಿ. ಮಗ್ಗಿ ಕಲಿಸುವುದರಲ್ಲೋ ದುಂಡಗೆ ಬರೆಸುವುದರಲ್ಲೋ ಅವರಿಗಿರುವ ಹದವನ್ನು ಕೇಳಿ ಕಲಿಯಿರಿ.

ಮತ್ತೊಂದು ಅಭ್ಯಾಸ ಇಟ್ಟುಕೊಳ್ಳಿ. ಸಂಜೆ ಮನೆಗೆ ಹೋಗುವ ಮುಂಚೆ ಐದು ನಿಮಿಷ ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಇವತ್ತು ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ಯಾವ ಮಗುವಿನ ಮುಖವನ್ನು ಇಡೀ ದಿನ ನೋಡಲೇ ಇಲ್ಲ. ಅಧಿಕಾರಿಗೆ ತೋರಿಸುವ ದಾಖಲೆಯಲ್ಲ ಇದು, ನಿಮಗಾಗಿ ಮಾತ್ರ. ಗಿಜುಭಾಯಿ ತಾವು ಮಾಡಿ ನೋಡಿದ್ದನ್ನು ಬಿಡದೆ ಬರೆದಿಟ್ಟದ್ದರಿಂದಲೇ ಇಷ್ಟು ವರ್ಷಗಳ ಮೇಲೆ ನಾವು ಅವರ ತರಗತಿಯಲ್ಲಿ ಕೂರಲು ಸಾಧ್ಯವಾಗಿದೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಕಥೆಯೋ ಪುಸ್ತಕದ ಮೂಲೆಯೋ ಶನಿವಾರದ ನಾಟಕವೋ, ಒಂದನ್ನು ಆರಿಸಿಕೊಳ್ಳಿ. ಶಾಲೆ ತೆರೆದ ದಿನದಿಂದ ದಸರಾ ರಜೆಯವರೆಗೆ ಬಿಡದೆ ನಡೆಸಿ. ಮಕ್ಕಳು ಅದರಲ್ಲಿ ಅರಳಿದರೆ ಮುಂದುವರಿಸಿ, ಅರಳದಿದ್ದರೆ ಬೇಸರಪಡದೆ ಬದಲಿಸಿ. ಬದಲಿಸಿದ್ದೇಕೆ ಎಂಬುದನ್ನು ಪಕ್ಕದೂರಿನ ಮೇಷ್ಟ್ರಿಗೂ ಹೇಳಿ. ಯಾವುದೇ ಪದ್ಧತಿ ನಿಮ್ಮ ತರಗತಿಗೆ ಸರಿಯೋ ಅಲ್ಲವೋ ಎಂದು ಹೇಳಬಲ್ಲವರು ನಿಮ್ಮೆದುರು ಕೂತ ಮಕ್ಕಳು. ಗಿಜುಭಾಯಿ ತಮ್ಮೆದುರಿನ ಮಕ್ಕಳ ಮಾತು ಕೇಳಿದರು. ನೀವೂ ಕೇಳಿ, ನಿಮ್ಮ ತರಗತಿಗೆ ಒಳ್ಳೆಯದಾಗಲಿ.