ತಮಟೆ ಕಾಯಿಸಿದ ಮೇಲೆಯೇ ಲೆವೆಲ್ ನೋಡಿ

ಮೈಕಿನಿಂದ ಬರುವ ಕ್ಷೀಣ ಸಂಕೇತವನ್ನು ಹಿಗ್ಗಿಸಿ, ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಒಪ್ಪಿಸುವ ಪುಟ್ಟ ಪೆಟ್ಟಿಗೆಯೇ ಆಡಿಯೊ ಇಂಟರ್‌ಫೇಸ್. ಎರಡು ಮೈಕ್ ಇನ್‌ಪುಟ್ ಇರುವ ಇಂಟರ್‌ಫೇಸ್, ಲ್ಯಾಪ್‌ಟಾಪ್ ಮತ್ತು ಹೆಡ್‌ಫೋನ್ ಇದ್ದರೆ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಹೋಬಳಿ ಕೇಂದ್ರದ ಒಂದು ಕೋಣೆಯಲ್ಲೂ ಭಜನೆ, ತತ್ವಪದ, ತಮಟೆವಾದನವನ್ನು ಚೊಕ್ಕವಾಗಿ ಮುದ್ರಿಸಿಕೊಳ್ಳಬಹುದು. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಈ ಸೀಮೆಯ ಹೆಮ್ಮೆಯ ವಾದ್ಯವಾದ ತಮಟೆ, ಲೆವೆಲ್ ತಪ್ಪಿದರೆ ರೆಕಾರ್ಡಿಂಗ್‌ನಲ್ಲಿ ಬಲುಬೇಗ ಕೆಡುವ ವಾದ್ಯವೂ ಹೌದು.

ವಿಂಡೋಸ್ ಕಂಪ್ಯೂಟರ್ ಆದರೆ ಮೊದಲು ತಯಾರಕರ ಜಾಲತಾಣದಿಂದ ಡ್ರೈವರ್ ಇಳಿಸಿಕೊಳ್ಳಬೇಕು. ಮ್ಯಾಕ್‌ನಲ್ಲಿ ಬಹುಪಾಲು ಇಂಟರ್‌ಫೇಸ್‌ಗಳಿಗೆ ಇದರ ಅಗತ್ಯವಿಲ್ಲ. ಬಳಿಕ ಯುಎಸ್‌ಬಿ ಕೇಬಲನ್ನು ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಬೇಕು. ಅಗ್ಗದ ಹಬ್ ನಡುವೆ ಬಂದರೆ ಸಾಕಷ್ಟು ವಿದ್ಯುತ್ ಸಿಗದೆ ಸದ್ದು ತುಂಡಾಗುವುದುಂಟು. ರೀಪರ್‌ನಂಥ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ಆ ಇಂಟರ್‌ಫೇಸ್‌ನ ಎಎಸ್‌ಐಒ ಡ್ರೈವರನ್ನು (ಮ್ಯಾಕ್‌ನಲ್ಲಾದರೆ ಇಂಟರ್‌ಫೇಸ್‌ನ ಹೆಸರನ್ನೇ) ಆರಿಸಿ, 48 ಕಿಲೋಹರ್ಟ್ಸ್ ಮತ್ತು 24 ಬಿಟ್ ಎಂದು ನಿಗದಿ ಮಾಡಿದರೆ ಜೋಡಣೆಯ ಅರ್ಧ ಕೆಲಸ ಮುಗಿದಂತೆ.

ಮೈಕಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬೇಕು. ಕೇಬಲ್ ಸಿಕ್ಕಿಸುವಾಗ ಸಂಕೇತವನ್ನು ಹಿಗ್ಗಿಸುವ ಗೇನ್ ಗುಂಡಿ ಪೂರ್ತಿ ಕೆಳಗಿರಬೇಕು, ಸ್ಪೀಕರ್ ಆಫ್ ಆಗಿರಬೇಕು. ಕಂಡೆನ್ಸರ್ ಮೈಕ್ ಆದರೆ ಕೇಬಲ್ ಸಿಕ್ಕಿಸಿದ ಮೇಲೆ 48 ವೋಲ್ಟ್ ಗುಂಡಿ ಒತ್ತಬೇಕು. ಕೇಬಲ್ ಕೀಳುವ ಮುನ್ನ ಅದನ್ನು ಆರಿಸಿ ತುಸು ಹೊತ್ತು ಬಿಡಬೇಕು. ಡೈನಮಿಕ್ ಮೈಕಿಗೆ ಆ ವಿದ್ಯುತ್ ಬೇಕಿಲ್ಲ. ಹಾಡುಗಾರರಿಗೆ ಕಂಡೆನ್ಸರ್, ತಮಟೆಗೆ ಡೈನಮಿಕ್ ಎಂದಿಟ್ಟುಕೊಂಡರೆ ಹೆಚ್ಚು ತಪ್ಪಾಗದು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಅಥವಾ ಕೀಬೋರ್ಡನ್ನು ಮೈಕ್ ಇನ್‌ಪುಟ್‌ಗಲ್ಲ, ಲೈನ್ ಇನ್‌ಪುಟ್‌ಗೆ ಕೊಡಬೇಕು.

ಇನ್ನು ಲೆವೆಲ್. ಡಿಜಿಟಲ್ ಮೀಟರಿನಲ್ಲಿ ಸೊನ್ನೆ ಡೆಸಿಬೆಲ್ ಎಂದರೆ ಸೂರು. ಅದರಾಚೆ ಹೋದ ಸದ್ದಿನ ತುದಿ ಕತ್ತರಿಸಿಹೋಗುತ್ತದೆ, ಕೇಳುವ ಕಿವಿಗೆ ಅದು ಒಡಕಾಗಿ ಬೀಳುತ್ತದೆ. ಆಮೇಲೆ ಧ್ವನಿ ತಗ್ಗಿಸಿದರೂ ಒಡಕು ಹೋಗದು. ಕಡಿಮೆಯಾಗಿ ಬಂದ ಸದ್ದನ್ನಾದರೆ ಮಿಕ್ಸಿಂಗ್ ವೇಳೆ ಏರಿಸಿಕೊಳ್ಳಬಹುದು. 16 ಬಿಟ್ ಕಾಲದಲ್ಲಿ ಕೆಂಪು ದೀಪದ ಅಂಚಿನವರೆಗೂ ತುಂಬಿಸುವ ರೂಢಿಯಿತ್ತು. ಸಿದ್ಧಾಂತದಲ್ಲಿ 16 ಬಿಟ್ಟಿಗೆ 96 ಡೆಸಿಬೆಲ್ ಹರವು, 24 ಬಿಟ್ಟಿಗೆ 144. ಹಾಗಾಗಿ ಈಗ ಆ ಅವಸರ ಬೇಡ. ಹಾಡಿನ ಸರಾಸರಿ ಮೈನಸ್ 18ರ ಸುತ್ತ, ಏರುದನಿ ಮೈನಸ್ 12ರಿಂದ ಮೈನಸ್ 6ರ ನಡುವೆ ನಿಂತರೆ ಸಾಕು.

ಪರೀಕ್ಷೆಗೆ ‘ಹಲೋ, ಮೈಕ್ ಟೆಸ್ಟಿಂಗ್’ ಸಾಲದು. ಪಲ್ಲವಿಯಲ್ಲಲ್ಲ, ದನಿ ಅತಿ ಎತ್ತರಕ್ಕೇರುವ ಜಾಗದಲ್ಲಿ ಹಾಡಿಸಿ ಗೇನ್ ಹೊಂದಿಸಬೇಕು. ತಮಟೆಯ ವಿಷಯ ಇನ್ನೂ ಸೂಕ್ಷ್ಮ. ಬೆಂಕಿಗೆ ಹಿಡಿಯುವ ಮುನ್ನ ಚರ್ಮ ಸಡಿಲವಾಗಿ ಸದ್ದು ಮೊದ್ದಾಗಿರುತ್ತದೆ. ಕಾಯಿಸಿದೊಡನೆ ಬಿಗಿದುಕೊಂಡು ಶ್ರುತಿ ಏರುತ್ತದೆ, ಪೆಟ್ಟು ಹರಿತವಾಗುತ್ತದೆ. ತಣ್ಣನೆಯ ತಮಟೆಗೆ ಹೊಂದಿಸಿದ ಗೇನ್ ಕಾಯಿಸಿದ ತಮಟೆಗೆ ನಿಲ್ಲುವುದಿಲ್ಲ. ಆದ್ದರಿಂದ ಕಾಯಿಸಿ, ವರಸೆಯ ಕೊನೆಯ ರಭಸದ ಭಾಗವನ್ನೇ ಬಾರಿಸಲು ಹೇಳಿ, ಮೀಟರ್ ನೋಡಬೇಕು. ಹುರುಪು ಬಂದಾಗ ಕಲಾವಿದರು ಪರೀಕ್ಷೆಯಲ್ಲಿ ಬಾರಿಸಿದ್ದಕ್ಕಿಂತ ಜೋರಾಗಿಯೇ ಬಾರಿಸುತ್ತಾರೆ, ಅದು ಸಹಜ. ಇನ್ನೊಂದು 6 ಡೆಸಿಬೆಲ್ ಜಾಗ ಬಿಡಬೇಕು. ಗೇನ್ ಪೂರ್ತಿ ಇಳಿಸಿದರೂ ಕೆಂಪು ದೀಪ ಹತ್ತಿದರೆ ಮೈಕನ್ನು ಎರಡು ಮೂರು ಅಡಿ ಹಿಂದೆ ಸರಿಸುವುದು, ಇಲ್ಲವೇ ಸಂಕೇತವನ್ನು ತಗ್ಗಿಸುವ ಪ್ಯಾಡ್ ಗುಂಡಿ ಒತ್ತುವುದು ದಾರಿ. ಸಾಫ್ಟ್‌ವೇರಿನ ಫೇಡರ್ ಎಳೆದು ಪ್ರಯೋಜನವಿಲ್ಲ, ಒಡಕು ಅಷ್ಟರಲ್ಲೇ ಒಳಸೇರಿರುತ್ತದೆ. ಭಜನೆಯ ತಾಳದ ಚಿಟಿಕೆಯೂ ಹೀಗೆಯೇ ಮೋಸ ಮಾಡುತ್ತದೆ: ಕಿವಿಗೆ ಪುಟ್ಟದು, ಮೀಟರಿಗೆ ಈಟಿ.

ಹಾಡುಗಾರರಿಗೆ ತಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿದರೆ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ಬಫರ್ ಗಾತ್ರ ಇಳಿಸಬೇಕು. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಸುಮಾರು 2.7 ಮಿಲಿಸೆಕೆಂಡಿನಷ್ಟು ತಡ. ಒಳಹೋಗಿ ಹೊರಬರುವಾಗ ಇನ್ನಷ್ಟು ಸೇರುತ್ತದೆ. ಮೈಕಿನ ಸದ್ದನ್ನು ಕಂಪ್ಯೂಟರ್ ಹಾಯದೆ ನೇರ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಗುಂಡಿಯಿದ್ದರೆ ಈ ರಗಳೆಯೇ ಇಲ್ಲ.

‘ಗುಂಯ್’ ಎನ್ನುವ ಹಿನ್ನೆಲೆ ಸದ್ದು ಹೆಚ್ಚಾಗಿ 50 ಹರ್ಟ್ಸ್ ವಿದ್ಯುತ್ತಿನದು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿದಾಗ ಅದು ನಿಂತರೆ ದೋಷ ಅರ್ಥಿಂಗ್ ಅಥವಾ ಚಾರ್ಜರಿನದು. ಸದ್ದು ತಪ್ಪಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ; ಅದು ಜೀವಕ್ಕೇ ಅಪಾಯ. ಎಲ್ಲ ಉಪಕರಣಗಳನ್ನೂ ಒಂದೇ ಅರ್ಥಿಂಗ್ ಇರುವ ಪ್ಲಗ್ ಪಟ್ಟಿಗೆ ಜೋಡಿಸುವುದು ಸರಿಯಾದ ಪರಿಹಾರ.

ಕಡತವನ್ನು ಎಂಪಿ3 ಆಗಿ ಅಲ್ಲ, ವೇವ್ ಆಗಿಯೇ ಉಳಿಸಿ. ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ ಸಾಕು. ಮುಚ್ಚುವಾಗ ಮೊದಲು ಸ್ಪೀಕರ್, ಆಮೇಲೆ 48 ವೋಲ್ಟ್, ಕೊನೆಗೆ ಇಂಟರ್‌ಫೇಸ್ ಆರಿಸಿ.